ಬ್ಲಾಗಿನಲ್ಲಿ ನಿನ್ನಕ್ಕ ಎಲ್ಲಿ?

ಭಾನುವಾರ, ಸಾಯಂಕಾಲ

ಪ್ರೀತಿಯ ಬಾಮೈದ,

ಹೂಂ, ನೋಡಿದೆ ಕಣಯ್ಯ ನಿನ್ನ ಬ್ಲಾಗು. ಅವತ್ತು ಫೋನಲ್ಲಿ "ಹೇಗಿದೆ ಭಾವ?" ಅಂತ ಕೇಳ್ದೆ, ನಾನು ಕೆಮ್ಮಿ ಜಾರ್ಕೊಂಡೆ. ಉತ್ತರ ತಡ ಆಯ್ತು, ತಪ್ಪು ತಿಳೀಬೇಡ. ಕೋಪ ಇಳೀಲಿ ಅಂತ ಕಾದೆ, ಇಳೀಲಿಲ್ಲ. ಮೇಲ್ ಹಾಕೋಣ ಅಂದ್ರೆ ನಿನ್ನ ಮೇಲ್ ತೆಗೆದು ನೋಡೋಳೂ ನಿನ್ನಕ್ಕನೇ. ಅದಕ್ಕೇ ಈ ಕಾಗದ. ನಾವಿಬ್ರೂ ಕ್ಷೇಮ. ನನ್ನ ಹೊಟ್ಟೆ ತುಂಬಾನೇ ಕ್ಷೇಮ, ಪ್ಯಾಂಟಿನ ಗುಂಡಿಗೇ ಕಷ್ಟ.

ಬ್ಲಾಗೇನೋ ಚೆನ್ನಾಗಿದೆ. ಮೇಲೆ ನಿನ್ನ ಫೋಟೋ, ಕೈ ಕಟ್ಕೊಂಡು, ಇಡೀ ಊರಿಗೇ ಯಜಮಾನನ ಥರ. ಸೋಫಾ ಬಟ್ಟೆ ವೇಸ್ಟ್ ಆಗದ ಹಾಗೆ ಕಟಿಂಗ್ ಹಾಕಿಕೊಡೋ ಸಾಫ್ಟ್‌ವೇರ್, ಬಿಟ್ಟಿ, ಒಳಗಿನ ಕೋಡನ್ನೂ ಯಾರು ಬೇಕಾದ್ರೂ ತಿದ್ದಬಹುದು ಅಂತ ಬರ್ದಿದ್ದೀಯ. ನನ್ನ ಸೋಫಾ ಅಂಗಡಿ ಮೂಲೇಲಿ ಕೂತು ಅದನ್ನ ಮಾಡಿದ್ದು ನೀನೇ, ಇಲ್ಲ ಅನ್ನಲ್ಲ. ಆದ್ರೆ "ಜನ ಕೇಳಿದ್ದು, ನಾನು ಹೇಳಿದ್ದು" ಅಂತ ಉದ್ದಕ್ಕೆ ಹಾಕಿದ್ದೀಯಲ್ಲ, ಆ "ನಾನು" ಯಾರಪ್ಪ?

ವೆಲ್ವೆಟ್ ಸವರಿದ್ರೆ ಒಂದು ತುಂಡಿನ ನವಿರು ಮೇಲಕ್ಕೆ, ಇನ್ನೊಂದರದ್ದು ಕೆಳಕ್ಕೆ ತಿರುಗ್ತಿದೆ, ಗಿರಾಕಿ ಬೈತಿದಾನೆ ಅಂತ ಯಾವನೋ ಗೋಳಾಡಿದ್ದ. "ಗಾಬರಿ ಬೇಡ ಅಣ್ಣ, ಬಟ್ಟೆ ದಿಕ್ಕು ಅಂತಿದೆಯಲ್ಲ ಅಲ್ಲಿ ಒತ್ತಿ, ಹಾಳಾದ ತುಂಡಲ್ಲಿ ದಿಂಬಿನ ಕವರ್ ಆಗುತ್ತೆ" ಅಂತ ಸಮಾಧಾನ ಮಾಡಿದ್ದು ನೀನಾ? ನಿನಗೆ ವೆಲ್ವೆಟ್ಟಿಗೂ ಕಂಬಳಿಗೂ ವ್ಯತ್ಯಾಸ ಗೊತ್ತೇನೋ? ಒಲೆ ಮೇಲೆ ಪಾತ್ರೆ, ಮಂಡಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ನಿನ್ನಕ್ಕ ಟೈಪ್ ಮಾಡಿದ್ದನ್ನ ಕಣ್ಣಾರೆ ಕಂಡೋನು ನಾನು. ಸಾಫ್ಟ್‌ವೇರ್ ಬಿಟ್ಟಾಗ ಜನ ಪ್ರಶ್ನೆ ಕೇಳೋಕೆ ಒಂದು ಪುಟ ಮಾಡಿದ್ಯಲ್ಲ, ಅದರ ಶುರುವಲ್ಲಿ ನೀನೇ ಅಂದೆ, "ಬೇರೆ ಖಾತೆ ಯಾಕಕ್ಕಾ, ನನ್ನ ಲಾಗಿನ್ನಲ್ಲೇ ಉತ್ತರ ಹಾಕು" ಅಂತ. ಪಾಪದೋಳು ವರ್ಷಗಟ್ಟಲೆ ಹಾಕಿದ್ಲು. ಎಲ್ಲಾ ನಿನ್ನ ಹೆಸರಿಗೆ ಬಿತ್ತು, ಈಗ ಅದನ್ನೇ ಬ್ಲಾಗಿಗೂ ಎತ್ತಿ ಹಾಕಿದ್ದೀಯ.

ಬ್ಲಾಗು ಶುರುವಾದ ದಿನ ನನ್ನ ಹೊಲಿಗೆ ಮಿಷನ್ನು ನಿಲ್ಸಿ, ಎದುರಿಗೆ ಕೂರಿಸ್ಕೊಂಡು, ಗಟ್ಟಿಯಾಗಿ ಓದಿದ್ಲು ಕಣೋ. ಥ್ಯಾಂಕ್ಸ್ ಹೇಳೋ ಜಾಗ ಬಂದಾಗ ದನಿ ಸಣ್ಣ ಮಾಡಿದ್ಲು, ತನ್ನ ಹೆಸರು ಬರುತ್ತೆ ಅಂತ ನಾಚಿಕೆ. ಚಿತ್ರ ಬಿಡಿಸಿದೋನಿಗೆ ಥ್ಯಾಂಕ್ಸ್, ಕಂಪ್ಯೂಟರ್ ಕೊಡಿಸಿದೋನಿಗೆ ಥ್ಯಾಂಕ್ಸ್, ಕಾಫಿಗೂ ಥ್ಯಾಂಕ್ಸ್! ಇವಳಿಗಿಲ್ಲ. "ಮರ್ತಿರ್ತಾನೆ ಬಿಡ್ರೀ" ಅಂದ್ಲು. ಕಾಫಿ ಮಾತ್ರ ನೆನಪಿತ್ತೇನೋ?

ಯಾರು ಬೇಕಾದ್ರೂ ತಿದ್ದಬಹುದಲ್ವಾ, ನಾನೂ ಹೋದೆ ತಿದ್ದೋಕೆ. ಒಂದೊಂದೇ ಅಕ್ಷರ ಹುಡುಕಿ ಕುಟ್ಟಿ, "ಈ ಉತ್ತರ ಎಲ್ಲಾ ಬರ್ದಿದ್ದು ಇವನಕ್ಕ, ನನ್ನ ಹೆಂಡ್ತಿ" ಅಂತ ಅವಳ ಹೆಸರು ಸಮೇತ ಕೆಳಗೆ ಕಾಮೆಂಟ್ ಹಾಕ್ದೆ. ಬೆಳಿಗ್ಗೆ ನೋಡಿದ್ರೆ ಮಾಯ. ಥೂ ನಿನ್ನ! ಭಾವನ ಬಾಯಿಗೇ ಬಟ್ಟೆ ತುರುಕ್ತೀಯಾ? ಈ ಕಾಗದ ಕೈಗೆ ಸಿಕ್ಕಿದ ತಕ್ಷಣ ಅವಳ ಹೆಸರು ಮೇಲೆ ಬರ್ಬೇಕು. ಇಲ್ಲಾಂದ್ರೆ ಮುಂದಿನ ಸಲ ನಮ್ಮನೇಲಿ ನಿನಗೆ ನೆಲವೇ ಗತಿ, ಸೋಫಾ ಇಲ್ಲ.

ಬೈದೆ ಅಂತ ಮುಖ ಊದಿಸ್ಕೋಬೇಡ. ಚೆನ್ನಾಗಿರು, ನಿನ್ನ ಕೆಲಸ ಬೆಳೀಲಿ.

ನಿನ್ನ ಭಾವ

ತಾ.ಕ.: ಕಾಗದ ಮಡಚ್ತಿದ್ದಾಗ ನಿನ್ನಕ್ಕ ಬಂದು, "ಅವನಿಗೆ ಬೈದು ಬರೀತಿದ್ದೀರಾ?" ಅಂದ್ಲು. ಕಾಮೆಂಟು ಅಳಿಸಿದ್ದು ನೀನಲ್ಲವಂತೆ. ಅವಳೇ, ನಿನ್ನ ಲಾಗಿನ್ನಲ್ಲೇ. "ನಾಲ್ಕು ಜನದ ಮುಂದೆ ತಮ್ಮನ ಮರ್ಯಾದೆ ಹೋಗಲ್ವೇನ್ರೀ" ಅಂತಾಳೆ. ಥೂ ಅಂದಿದ್ದು ವಾಪಸ್ ತಗೊಂಡೆ, ಉಳಿದಿದ್ದು ತಗೊಳ್ಳಲ್ಲ. ತನ್ನ ಹೆಸರನ್ನ ತನ್ನ ಕೈಯಾರೆ ಅಳಿಸಿದಾಳೆ ಕಣೋ. ಅಳಿಸಿ, "ಸರ್, ನೀವು ದೇವರು" ಅಂತ ನಿನಗೆ ಯಾರೋ ಬರ್ದಿದ್ದಕ್ಕೆ ಇಷ್ಟೊತ್ತೂ ಕೂತು ಉತ್ತರ ಹಾಕ್ತಿದ್ಲು. ಈಗ ಒಳಗಿಂದ ಕೂಗ್ತಿದಾಳೆ, "ಏನ್ರೀ, ತಟ್ಟೆ ಹಾಕಾಯ್ತು, ಬರ್ತೀರೋ ಇಲ್ವೋ?"

ಬಂದೆ ಕಣೇ.