ಹತ್ತಕ್ಕೆ ಎರಡು

ಗೆಳೆಯ ಮೈಲಪ್ಪ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಬ್ಯಾಡಗಿಯಲ್ಲಿ ನಿನ್ನೆ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮೆಣಸಿನಕಾಯಿ ಪೇಟೆ ಬಿದ್ದಿದೆ. ತೊಟ್ಟು ಬಿಡಿಸುವ ಹೆಂಗಸರಿಗೆ ಎರಡು ತಿಂಗಳಿಂದ ಕೆಲಸವಿಲ್ಲ. ಅವರಿಗೆ ಬೇರೆ ಕೆಲಸ ಕೊಡಿಸಬೇಕೋ ಬೇಡವೋ ಎಂದು ತಿಳಿಯಲು ಯಾವುದೋ ಸಂಸ್ಥೆಯ ಹುಡುಗಿ ನಮ್ಮ ಓಣಿಗೆ ಬಂದಿದ್ದಳು. ಬೆಂಗಳೂರು ಕಡೆಯವಳು. ನಿಂತುಕೊಂಡೇ "ಆರಾಮಾಗಿದ್ದೀರಾ?" ಎಂದು ಕೇಳಿದಳು. ಅಲ್ಲಿದ್ದ ಹನ್ನೊಂದು ಹೆಂಗಸರೂ "ಆರಾಮ ಅದೇವ್ರಿ" ಎಂದರು. ಅವಳು ಎಲ್ಲರ ಬದುಕಿನ ತೃಪ್ತಿಗೂ ಹತ್ತಕ್ಕೆ ಹತ್ತು ಬರೆದುಕೊಂಡಳು!

ನನಗೆ ತಡೆಯಲಾಗಲಿಲ್ಲ. "ಅದು ನಮಸ್ಕಾರ ಇದ್ದಂಗವಾ, ಉತ್ತರ ಅಲ್ಲ! ಸಲೈನ್ ಹಚ್ಚಿಸಿಕೊಂಡು ಮಲಗಿದವರೂ ಇಲ್ಲಿ ಆರಾಮ ಅಂತಾರ. ಕುಂತು ಕೇಳು" ಎಂದು ಕೂಗಾಡಿದೆ.

ಪಾಪ, ಅವಳು ಕಟ್ಟೆಯ ಮೇಲೆ ಕುಳಿತು ಮತ್ತೆ ಕೇಳಿದಳು. ಹೆಂಗಸರಲ್ಲಿ ಹಿರಿಯಳಾದ ದೇವವ್ವ ನಕ್ಕಳು.

"ಹಂಗಾರ ಎರಡು ಬರಕೋ ತಂಗಿ. ಒಂದು ಮೊಮ್ಮಗಳಿಗೆ. ಕೆಲಸ ನಿಂತು ಕೈಗೆ ಖಾರ ಇಲ್ಲಲಾ, ಕಣ್ಣು ಉರಿಯಂಗಿಲ್ಲ, ದಿನಾ ನಾನೇ ಅಕಿ ಮಾರಿ ತೊಳಿತೀನಿ. ಇನ್ನೊಂದು ನಿನಗ, ಕುಂತು ಕೇಳಿದ್ದಕ್ಕ."

"ಉಳಿದ ಎಂಟು?"

"ಅವು ಪ್ಯಾಟ್ಯಾಗ ಬಿದ್ದಾವು. ಕೆಲಸ ಕೊಡಸು, ಆರಿಸ್ಕೊಂಡು ಬರತೀನಿ!"

ಓಣಿಯೇ ನಕ್ಕಿತು. ಹುಡುಗಿಯೂ ನಕ್ಕು, ಬರೆದದ್ದನ್ನೆಲ್ಲ ಅಳಿಸಿ, ಒಬ್ಬೊಬ್ಬರನ್ನೇ ಮೊದಲಿನಿಂದ ಕೇಳಿದಳು. ಸಂಜೆಯಾಯಿತು.

ರಾಣೆಬೆನ್ನೂರಿನಲ್ಲಿ ನಿನ್ನ ಹತ್ತಿ ಮಿಲ್ಲು ಮುಚ್ಚಿದ ವರ್ಷ ನಾವು ವಾರಕ್ಕೊಮ್ಮೆ ಭೇಟಿಯಾಗುತ್ತಿದ್ದೆವು. ನೀನು "ಆರಾಮ" ಎಂದ ಕೂಡಲೇ ನಾನು, ಮತ್ತೆ ಕೇಳದೆ, ಜಗತ್ತಿನ ಆರ್ಥಿಕ ಕುಸಿತದ ಬಗ್ಗೆ ಓದಿದ್ದನ್ನೆಲ್ಲ ಹೇಳಲು ಶುರುಮಾಡುತ್ತಿದ್ದೆ.

ನೀನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.