ಟರ್ಬೊ ಕೂರಿಸಿದ್ದು ನಿಮ್ಮ ಮಗಳು

ಪ್ರೀತಿಯ ಸದಾನಂದಣ್ಣನಿಗೆ ಮಲ್ಲು ಬರೆಯುವುದು.

ಎದುರಿಗೆ ನಿಂತು ಮಾತನಾಡಲು ನನಗೆ ಬರುವುದಿಲ್ಲ ಎಂದು ನಿಮಗೆ ಗೊತ್ತು. ಎಂಟು ವರ್ಷ ನಿಮ್ಮ ಗ್ಯಾರೇಜಿನಲ್ಲಿ ಕೆಲಸ ಮಾಡಿದರೂ 'ಹೌದ್ರಿ', 'ಇಲ್ರಿ' ಬಿಟ್ಟು ಮೂರನೇ ಮಾತು ನನ್ನಿಂದ ಹೊರಟದ್ದು ಅಪರೂಪ. ಈಗ ನೀವು ಎದುರಿಗಿಲ್ಲ, ಅದಕ್ಕೇ ಧೈರ್ಯ ಬಂದಿದೆ. ಸುದ್ದಿ ಇಷ್ಟು: ನಿಮ್ಮ ಬಿಳಿ ಗಾಡಿಗೆ ಟರ್ಬೊ ಕೂತಿತು. ಕೂರಿಸಿದ್ದು ನಾನಲ್ಲ, ನಿಮ್ಮ ಮಗಳು ನಿಖಿತಾ. ಈ ಸಾಲು ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದು ಹಾಕಿದೆ.

ನಾನು ಮೊದಲ ಸಲ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬಂದ ದಿನ, ನಟ್ಟು ಬಿಚ್ಚುವ ಪಾನಾ ಹಿಡಿಯಲು ಬರುತ್ತದೆಯೇ ಎಂದು ನೀವು ಕೇಳಲಿಲ್ಲ. "ಕನ್ನಡ ಓದ್ಲಿಕ್ಕೆ ಬರ್ತದಾ?" ಎಂದಿರಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತಿದ್ದೇನೆ ಎಂದೆ. ಆಮೇಲೆ ಅಪ್ಪನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಹೋದೆ ಎನ್ನುವುದನ್ನು ಹೇಳಲು ನಾಚಿಕೆಯಾಗಿ ಸುಮ್ಮನಾದೆ. "ಸಾಕು ಮಾರಾಯ. ನನ್ನ ಕನ್ನಡಕ ಬೋಲ್ಟಿಗೆ ಆಗ್ತದೆ, ಪೇಪರಿಗೆ ಆಗುದಿಲ್ಲ" ಎಂದಿರಿ. ಅಂದಿನಿಂದ ಹತ್ತು ಗಂಟೆಯ ಚಹಾಕ್ಕೆ ನಾನು ಪೇಪರ್ ಓದುವುದು, ನೀವು ಕಣ್ಣು ಮುಚ್ಚಿ ಕೇಳುವುದು. "ಮೊದ್ಲು ಯಾರು ಹೋದ್ರು ಓದು. ಸರ್ಕಾರ ಆಮೇಲೆ ಓದುವ." ನಿಮ್ಮ ಸುದ್ದಿ ಅಚ್ಚಾದ ದಿನವೂ ನಾನು ಆ ಪುಟವನ್ನೇ ಮೊದಲು ಓದಿದೆ. ಗಟ್ಟಿಯಾಗಿಯೇ ಓದಿದೆ. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ಕುರ್ಲಾದ ಭಂಗಾರ್ ಅಂಗಡಿಯ ಗುಜರಿ ರಾಶಿಯಲ್ಲಿ ನೀವು ಆ ಟರ್ಬೊ ಎತ್ತಿಕೊಂಡ ಮಧ್ಯಾಹ್ನ ನೆನಪಿದೆಯೇ? ಅಪಘಾತದಲ್ಲಿ ನಜ್ಜುಗುಜ್ಜಾದ ಯಾವುದೋ ಡೀಸೆಲ್ ಗಾಡಿಯದು, ತೆಂಗಿನಕಾಯಿಯಷ್ಟು ದೊಡ್ಡದು, ಮಸಿ ಹಿಡಿದಿತ್ತು. ಬೆರಳಿನಿಂದ ಅದರ ಚಕ್ರ ತಿರುಗಿಸಿ, ಅಲುಗಾಡುತ್ತದೆಯೇ ಎಂದು ನೋಡಿ, ನನ್ನ ಕೈಗೆ ಕೊಟ್ಟಿರಿ. "ಸೈಲೆನ್ಸರಿನ ಹೊಗೆ ಹೇಗೂ ದಂಡ ಹೋಗ್ತದೆ. ಅದರ ಹತ್ರ ಈ ಚಕ್ರ ತಿರುಗಿಸುವ ಕೆಲಸ ಮಾಡಿಸುವ. ಚಕ್ರ ಎಂಜಿನ್ನಿಗೆ ಗಾಳಿ ತುರುಕ್ತದೆ. ಜಾಸ್ತಿ ಗಾಳಿ, ಜಾಸ್ತಿ ದಮ್." ಹೊಸ ಸಾಮಾನು ತರಿಸುವ ಶಕ್ತಿ ನಮಗೆಲ್ಲಿತ್ತು? ಹೊಗೆಯ ಕೊಳವೆಯನ್ನು ಧಾರಾವಿಯಲ್ಲಿ ಚರ್ಮ ಒತ್ತುವ ಯಂತ್ರ ರಿಪೇರಿ ಮಾಡುವವನಿಂದ ವೆಲ್ಡ್ ಮಾಡಿಸಿದಿರಿ. ಲಾರಿಯ ರೇಡಿಯೇಟರ್ ಪೈಪನ್ನು ಕತ್ತರಿಸಿ ಗಾಳಿಯ ಪೈಪಿಗೆ ಜೋಡಿಸುವ ರಬ್ಬರು ಮಾಡಿದಿರಿ. ನಾವಿಬ್ಬರೂ ಲೋಕಲ್ ರೈಲಿನಲ್ಲಿ ಆ ಕೊಳವೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಪಕ್ಕದವನು, "ಕಾಕಾ, ಇದು ಯಾವ ವಾದ್ಯ?" ಎಂದು ಕೇಳಿದ್ದ. "ಇನ್ನೂ ಬಾರಿಸ್ಲಿಲ್ಲ" ಎಂದಿರಿ ನೀವು. ಆ ದಿನ ಈ ಗಾಡಿ ನಮ್ಮಿಬ್ಬರದು ಎಂದು ನಾನು ತಿಳಿದುಕೊಂಡೆ. ತಪ್ಪು ಅಲ್ಲಿಂದಲೇ ಶುರುವಾಯಿತೋ ಏನೋ.

ಬಾನೆಟ್ ತೆರೆದಾಗಲೆಲ್ಲ ನೀವು ಒಂದು ನಿಯಮ ಪಾಲಿಸುತ್ತಿದ್ದಿರಿ. ಯಾವ ಪೈಪು ಬಿಚ್ಚಿದರೂ ತಕ್ಷಣ ಅದರ ಬಾಯಿಗೆ ಬಟ್ಟೆ. ಒಂದು ಸಣ್ಣ ನಟ್ಟು ಒಳಗೆ ಬಿದ್ದರೂ ಟರ್ಬೊದ ಕಥೆ ಮುಗಿಯಿತು. ಬಟ್ಟೆಯ ಬಾಲ ಒಂದು ಗೇಣು ಹೊರಗೆ ನೇತಾಡಬೇಕು. ಯಾರು ತುರುಕಿದರೋ ಅವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಮ್ಮೆ ನೀವು ತುರುಕಿದ್ದನ್ನು ನಾನು ಒಳ್ಳೆಯದೆಂದು ತೆಗೆದದ್ದಕ್ಕೆ ಇಡೀ ದಿನ ನನ್ನ ಜೊತೆ ಮಾತು ಬಿಟ್ಟಿದ್ದಿರಿ. ಆ ಪಾಠವನ್ನು ನಿಖಿತಾಗೂ ಕಲಿಸಿದಿರಿ. ಅವಳು ಡಿಪ್ಲೊಮಾ ಮುಗಿಸಿ ಮುಲುಂಡಿನಿಂದ ಗ್ಯಾರೇಜಿಗೆ ಬರಲು ಶುರು ಮಾಡಿದ ಮೊದಲ ವಾರವೇ.

ಅವಳು ಬಂದ ದಿನ ನೀವು ಶರ್ಟ್ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಿರಿ. ನನಗೆ ಅದು ಏಕೆ ಅಷ್ಟು ಚುಚ್ಚಿತು? ಹತ್ತು ಗಂಟೆಗೆ ನಾನು ಪೇಪರ್ ಬಿಡಿಸಿದರೆ ಅವಳು ಫೋನಿನಲ್ಲಿ ಏನೋ ಚಿತ್ರ ತೋರಿಸುತ್ತಿದ್ದಳು. "ಪಪ್ಪಾ, ಏ ದೇಖೋ, ಎಣ್ಣೆ ವಾಪಸ್ ಬರೋ ಪೈಪ್ ಸೀದಾ ಕೆಳಗೆ ಹೋಗ್ಬೇಕು. ಮೇಲೆ ಎದ್ದರೆ ಎಣ್ಣೆ ನಿಲ್ತದೆ." ನೀವು ಹೌದು ಹೌದು ಎಂದು ತಲೆಯಾಡಿಸುತ್ತಿದ್ದಿರಿ. ಪೇಪರ್ ಮಡಚಿ ಟೂಲ್‌ಬಾಕ್ಸ್ ಮೇಲೆ ಇಡುತ್ತಿದ್ದೆ. ಯಾರು ಹೋದರು ಎಂದು ನೀವು ಕೇಳುತ್ತಲೇ ಇರಲಿಲ್ಲ. ಅವಳು ಎಣ್ಣೆಯ ಪೈಪಿನ ಬಗ್ಗೆ ಹೇಳಿದ್ದು ಸರಿಯಾಗಿತ್ತು, ಅಣ್ಣ. ಅದೇ ಇನ್ನೂ ಕಷ್ಟದ ಮಾತು. ತಪ್ಪು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಆ ಸಂಜೆಯನ್ನು ಬರೆಯದೆ ಬಿಡಬೇಕೆಂದಿದ್ದೆ, ಆದರೆ... ನಾನು ನಿಮ್ಮ ಮನೆಯಿಂದ ಸುಮತಿ ಅಕ್ಕ ಕಳಿಸಿದ ಗಂಜಿಯ ಡಬ್ಬಿ ಹಿಡಿದು ನಿಮ್ಮ ಕಾಲಿನ ಬದಿಗೆ ನಿಂತಿದ್ದೆ. ನೀವು ನಿಖಿತಾಳ ಕೈ ಹಿಡಿದು ಅರ್ಧ ಗಂಟೆ ಮಾತನಾಡಿದಿರಿ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಒತ್ತಡ ಎಷ್ಟಕ್ಕೆ ನಿಲ್ಲಿಸಬೇಕು, ಹಳೆಯ ಎಂಜಿನ್ನಿನ ಮೇಲೆ ಆಸೆ ಮಾಡಬಾರದು, ಎಲ್ಲ. ನೀವು ಎಂಜಿನ್ನಿನ ಚಿತ್ರ ಬಿಡಿಸಿಟ್ಟ ಪುಸ್ತಕವನ್ನು ಅವಳಿಗೇ ಕೊಟ್ಟಿರಿ. ಆಮೇಲೆ ನನ್ನ ಕಡೆ ತಿರುಗಿ, "ಊಟ ಆಯ್ತಾ?" ಎಂದಿರಿ. "ಹೌದ್ರಿ" ಎಂದೆ. ಅದೇ ಕೊನೆಯ ಮಾತಾಯಿತು. ಎಂಟು ವರ್ಷಕ್ಕೆ ಅಷ್ಟೇನಾ ಅಣ್ಣ?

ನೀವು ಗ್ಯಾರೇಜಿನಲ್ಲಿ ಕೊನೆಯದಾಗಿ ಇದ್ದ ದಿನದ ಒಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಿರಿ. ಮುಖದ ಮೇಲೆ ಬೆವರು ಸುರಿಯುತ್ತಿತ್ತು. ಹಳೆಯ ನೀಲಿ ಚೌಕಳಿ ಲುಂಗಿಯ ತುಂಡೊಂದನ್ನು ಪೈಪಿಗೆ ತುರುಕಿ ಹಾಗೆಯೇ ಸ್ಟೂಲಿನ ಮೇಲೆ ಕುಸಿದಿರಿ. ಬಾಲ ಹೊರಗೆ ಬಿಟ್ಟಿರಲಿಲ್ಲ. ಬಟ್ಟೆ ಪೂರ್ತಿ ಒಳಗೆ ಹೋಗಿತ್ತು. ನೀವು ಮಾಡಿದ ತಪ್ಪು ನಾನು ನೋಡಿದ್ದು ಅದೊಂದೇ. ಹೇಳುವುದು ಹೇಗೆ ಎಂದು ಹಿಂಜರಿದೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ನೀವು ಬರಲಿಲ್ಲ.

ನಿಮ್ಮ ಹದಿಮೂರನೇ ದಿನ ಕಳೆದ ಮೇಲೆ ನಿಖಿತಾ ಆ ಪುಸ್ತಕ ಹಿಡಿದುಕೊಂಡು ಬಂದು ಗಾಡಿಯ ಮುಂದೆ ಕೂತಳು. "ಮಲ್ಲು, ಬೇರೆ ಗಿರಾಕಿ ಕೆಲಸ ನೀವು ನೋಡಿ. ಇದು ನಾನು ಮಾಡ್ತೇನೆ. ಅಕೇಲೆ" ಎಂದಳು. ಅಕೇಲೆ ಎಂದರೆ ಒಬ್ಬಳೇ. ಸರಿ, ಒಬ್ಬಳೇ ಮಾಡಲಿ ಎಂದುಕೊಂಡೆ. ನಾಲ್ಕನೇ ದಿನ ಅವಳು ಆ ಪೈಪನ್ನು ಎತ್ತಿಕೊಂಡಳು. ಎರಡು ಬಾಯಿಯನ್ನೂ ನೋಡಿದಳು. ಬಾಲ ಎಲ್ಲಿಯೂ ಇರಲಿಲ್ಲ. ಬಾಲ ಇಲ್ಲವೆಂದರೆ ಬಟ್ಟೆ ಇಲ್ಲ, ನೀವು ಕಲಿಸಿದ್ದು ಹಾಗೆ ತಾನೇ? ಪೈಪಿನ ನಡುವೆ ಬಾಗು ಇದೆ, ಒಳಗಿನದು ಕಾಣುವುದಿಲ್ಲ. ಅವಳು ಅದನ್ನು ಕೂರಿಸಿ ಕ್ಲಾಂಪ್ ಬಿಗಿದಳು. ನಾನು ಮೂರು ಮಾರು ದೂರದಲ್ಲಿ ಗ್ಲಾಸು ಹಿಡಿದು ನಿಂತು ಚಹಾ ಕುಡಿಯುತ್ತಿದ್ದೆ.

"ಏನು ನೋಡ್ತೀರಿ? ಗಲತ್ ಹೈ ಕ್ಯಾ? ತಪ್ಪಾಯ್ತಾ?" ಎಂದು ಕೇಳಿದಳು.

"ಇಲ್ರಿ" ಎಂದೆ.

ಸುರುವಿನಲ್ಲೇ ಟರ್ಬೊ ಆ ಬಟ್ಟೆಯನ್ನು ಎಳೆದುಕೊಳ್ಳುತ್ತದೆ, ಚಕ್ರದ ಎಲೆಗಳು ಮುರಿಯುತ್ತವೆ ಎಂದು ನನಗೆ ಗೊತ್ತಿತ್ತು. ಅಂಥ ಇನ್ನೊಂದು ಟರ್ಬೊ ನಮಗೆ ಸಿಗುವುದಿಲ್ಲ ಎಂದೂ ಗೊತ್ತಿತ್ತು. ಮೂರು ದಿನ ಸುಮ್ಮನಿದ್ದೆ. ಯಾರು ತುರುಕಿದರೋ ಅವರೇ ತೆಗೆಯಬೇಕು, ನನಗೇನು ಅಧಿಕಾರ ಎಂದು ನಿಮ್ಮ ನಿಯಮದ ಹಿಂದೆಯೇ ಅಡಗಿಕೊಂಡೆ. ಆದರೆ ನಿಜ ಬೇರೆ. ಅವಳ ಕೈಯಲ್ಲಿ ಅದು ಮುರಿಯುವುದನ್ನು ನೋಡಬೇಕಿತ್ತು ನನಗೆ. ಮುರಿದ ಮೇಲೆ ನೀವು ಎಲ್ಲಿದ್ದರೂ, ಛೇ, ಮಲ್ಲುವಿಗೆ ಹೇಳಬೇಕಿತ್ತು ಎಂದುಕೊಳ್ಳಬೇಕಿತ್ತು. ಇಂಥ ಮನಸ್ಸು ಇಟ್ಟುಕೊಂಡು ನಾನು ದಿನಾ ನಿಮ್ಮ ಫೋಟೋಗೆ ಹೂವು ಹಾಕುತ್ತಿದ್ದೆ.

ಎಸ್ಟೇಟಿಗೆ ರಜೆ ಇದ್ದ ದಿನ ಬೆಳಿಗ್ಗೆ ಅವಳು ಗಾಡಿ ಸುರು ಮಾಡುವುದೆಂದು ಇಟ್ಟುಕೊಂಡಳು. ಸುಮತಿ ಅಕ್ಕ ಮುಲುಂಡಿನಿಂದ ರಿಕ್ಷಾದಲ್ಲಿ ಬಂದರು, ಚೀಲದಲ್ಲಿ ತೆಂಗಿನಕಾಯಿ, ನಿಂಬೆಹಣ್ಣು. "ಈ ಡಬ್ಬಕ್ಕೆ ಅವರು ನನಗಿಂತ ಜಾಸ್ತಿ ಸೇವೆ ಮಾಡಿದ್ದಾರೆ. ಇವತ್ತಾದ್ರೂ ಓಡ್ತದಾ ನೋಡುವ" ಎಂದರು. ನಿಖಿತಾ ಕಿಡಿಯ ವೈರು ಬಿಚ್ಚಿ ಎಂಜಿನ್ ತಿರುಗಿಸಿ, ಟರ್ಬೊದಿಂದ ಎಣ್ಣೆ ವಾಪಸ್ ಇಳಿಯುವವರೆಗೆ ಕಾದಳು. ನೀವು ಮಾಡುತ್ತಿದ್ದಂತೆಯೇ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿ ನೋಡಿದಳು. ವೈರು ಮತ್ತೆ ಜೋಡಿಸಿದಳು. ಆಮೇಲೆ ಬೀಗದ ಕೈ ನನ್ನ ಕಡೆ ಚಾಚಿದಳು.

"ನೀವು ಕೂತ್ಕೊಳ್ಳಿ. ನಂಗೆ ಡರ್ ಆಗ್ತಾ ಇದೆ."

ನಿಮ್ಮ ಸೀಟಿನಲ್ಲಿ ಕೂತೆ, ಅಣ್ಣ. ಅವಳೇ ಬೀಗದ ಕೈ ತಿರುಗಿಸಿದ್ದರೆ ನಾನು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದೆನೇ? ನಿಲ್ಲುತ್ತಿದ್ದೆ ಎಂದೇ ಅನ್ನಿಸುತ್ತದೆ. ನಿಮಗೆ ಸುಳ್ಳು ಬರೆದು ಏನು ಮಾಡಲಿ? ಆದರೆ ಈಗ ಬೀಗದ ಕೈ ನನ್ನ ಬೆರಳಲ್ಲಿತ್ತು. ಗಾಜಿನ ಆಚೆ ಅವಳು ಎರಡೂ ಕೈಯಿಂದ ಓಢಣಿಯ ತುದಿ ತಿರುಚುತ್ತಿದ್ದಳು. ಹೆದರಿದಾಗ ಅವಳ ಕೆಳತುಟಿ ನಿಮ್ಮದರ ಹಾಗೆಯೇ ಒಳಗೆ ಹೋಗುತ್ತದೆ. ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಇಳಿದೆ. ಕ್ಲಾಂಪ್ ಸಡಿಲಿಸಿ ಪೈಪನ್ನು ಎಳೆದೆ. ತಂತಿಯ ಕೊಕ್ಕೆ ಹಾಕಿ ಬಟ್ಟೆಯನ್ನು ಹೊರಗೆ ತೆಗೆದೆ. ಸುಮತಿ ಅಕ್ಕ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬಿಡಿಸಿ ನೋಡಿದರು. "ಇದು ಅವರ ಲುಂಗಿ ಅಲ್ವಾ" ಎಂದರು, ಅಷ್ಟೇ. ಅದನ್ನು ಮಡಚುತ್ತಾ ನಿಂತರು. ಎಷ್ಟು ಸಣ್ಣ ತುಂಡು, ಎಷ್ಟು ಹೊತ್ತು ಮಡಚಿದರು.

ನಿಖಿತಾ ನನ್ನನ್ನೇ ನೋಡುತ್ತಿದ್ದಳು. "ನಿಮ್ಗೆ ಗೊತ್ತಿತ್ತು?"

"ಹೌದ್ರಿ."

"ಕಬ್ ಸೆ?"

"ಮೊದಲಿಂದ."

"ನಾನು ಪೈಪ್ ಹಾಕುವಾಗ ಗಲತ್ ಹೈ ಕ್ಯಾ ಅಂತ ಕೇಳಿದ್ದೆ. ನೀವು ಚಾಯ್ ಕುಡೀತಾ ಇಲ್ರಿ ಅಂದ್ರಿ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಕ್ಯೂಂ? ಯಾಕೆ?"

ಎಂಟು ವರ್ಷದಲ್ಲಿ ಆಡದೆ ಉಳಿದದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. "ಅಣ್ಣಾರು ನಿಮಗ ಎಲ್ಲಾ ಹೇಳಿದ್ರು. ಪುಸ್ತಕ ಕೊಟ್ರು. ನನಗ ಊಟ ಆತೇನು ಅಂತ ಅಷ್ಟ ಕೇಳಿದ್ರು. ನಾ ಯಾರ್ರಿ ಹಂಗಾರ?"

ಅವಳು ಸ್ಟೂಲಿನ ಮೇಲೆ ಕೂತು ಹೇಳಿದಳು. "ನಂಗೆ ಯಾವತ್ತೂ ಕೇಳಲಿಲ್ಲ ಪಪ್ಪಾ, ಊಟ ಆಯ್ತಾ ಅಂತ. ನಾನು ಏಳೋ ಮೊದ್ಲು ಹೋಗ್ತಿದ್ರು, ಮಲಗಿದ ಮೇಲೆ ಬರ್ತಿದ್ರು. ಸಂಡೇನೂ ಗ್ಯಾರೇಜ್. ಮನೇಲಿ ಬಾಯಿ ಬಿಟ್ರೆ ಮಲ್ಲು ಹೀಗೆ ಓದಿದ, ಮಲ್ಲು ಹೀಗೆ ಬಿಗಿದ. ನಂಗೆ ಕನ್ನಡ ಓದೋಕೆ ಬರಲ್ಲ, ನಿಮ್ಗೆ ಬರ್ತದೆ. ನಾನು ಮೆಕ್ಯಾನಿಕಲ್ ಯಾಕೆ ತಗೊಂಡೆ ಅಂದ್ಕೊಂಡ್ರಿ? ಇಂಟರೆಸ್ಟ್ ಥಾ ಕ್ಯಾ? ಪಪ್ಪಾ ನನ್ ಜೊತೆ ಏನಾದ್ರೂ ಮಾತಾಡ್ಲಿ ಅಂತ. ಅದು ಒಂದೇ ವರ್ಷ ಸಿಕ್ಕಿತು ನಂಗೆ. ನಿಮ್ಗೆ ಎಂಟು."

"ಇಬ್ಬರದ್ದೂ ಆಯ್ತಾ?" ಎಂದರು ಸುಮತಿ ಅಕ್ಕ. "ಇನ್ನು ನಂದು ಹೇಳ್ಲಿಕ್ಕೆ ಹೊರಟ್ರೆ ನಿಮ್ಗೆ ಇಬ್ಬರಿಗೂ ಇಲ್ಲಿ ಜಾಗ ಸಾಲ್ಲಿಕ್ಕಿಲ್ಲ. ಗಾಡಿ ಸುರು ಮಾಡಿ."

ಪೈಪು ಕೂರಿಸಿದ್ದು ನಿಖಿತಾ, ಕ್ಲಾಂಪ್ ಬಿಗಿದದ್ದು ನಾನು, ಬೀಗದ ಕೈ ತಿರುಗಿಸಿದ್ದು ಅವಳು. ಎಂಜಿನ್ ಎರಡನೇ ಸಲಕ್ಕೆ ಹಿಡಿಯಿತು. ಹೊಗೆ ಬಿಳಿಯೂ ಇಲ್ಲ, ನೀಲಿಯೂ ಇಲ್ಲ, ಎಣ್ಣೆ ಎಲ್ಲಿಯೂ ಸುಡುತ್ತಿರಲಿಲ್ಲ. ಸುಮತಿ ಅಕ್ಕ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ ಸ್ಟೆಪ್ನಿಯ ಪಕ್ಕ. ಎಸ್ಟೇಟಿನ ಒಳರಸ್ತೆಯಲ್ಲಿ ಮೂರು ಸುತ್ತು ಹೊಡೆದೆವು. ಮೂರನೇ ಸುತ್ತಿನಲ್ಲಿ ಹಿಂದಿನ ಗೇಟಿನ ಉದ್ದ ರಸ್ತೆ ಖಾಲಿ ಸಿಕ್ಕಿತು. ಎರಡನೇ ಗೇರಿನಲ್ಲಿ ಅವಳು ಒತ್ತಿದಳು. ಸುಮತಿ ಅಕ್ಕ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ತುಳುವಿನಲ್ಲಿ ನಿಮ್ಮನ್ನು ಬೈದರು.

ಅವಳು ನನ್ನನ್ನು ಪೂರ್ತಿ ಕ್ಷಮಿಸಿಲ್ಲ. ಈಗಲೂ ನಾನು ಬಿಗಿದ ಬೋಲ್ಟನ್ನು ಇನ್ನೊಮ್ಮೆ ಬಿಗಿದು ನೋಡುತ್ತಾಳೆ, ನನ್ನ ಮುಂದೆಯೇ. ನೋಡಲಿ. ನನ್ನ ಹೊಟ್ಟೆಕಿಚ್ಚೂ ಪೂರ್ತಿ ಹೋಗಿಲ್ಲ. ಅವಳು ನಿಮ್ಮ ಪುಸ್ತಕ ತೆರೆದಾಗ ಇನ್ನೂ ಒಳಗೆ ಏನೋ ಉರಿಯುತ್ತದೆ. ಆದರೆ ಅವಳ ಕೈಯಲ್ಲಿ ಆಗುವ ತಪ್ಪನ್ನು ನಾನು ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ನೋಡುವುದಿಲ್ಲ, ಅವಳಿಗೆ ಗೊತ್ತಿಲ್ಲದ್ದನ್ನಂತೂ ಇಲ್ಲವೇ ಇಲ್ಲ. ಇದು ನಿಮಗೆ ಕೊಟ್ಟ ಮಾತು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಆ ಉದ್ದ ರಸ್ತೆಯಲ್ಲಿ ಟರ್ಬೊ ಕೂಗಿತು, ಅಣ್ಣ. ಮೊದಲು ಸಣ್ಣಗೆ, ಯಾರೋ ಹಲ್ಲಿನ ಸಂದಿಯಿಂದ ಊದಿದ ಹಾಗೆ. ಆಮೇಲೆ ಎಳೆದು ಎಳೆದು ಮೇಲೆ ಹೋಯಿತು, ಅವಳು ಕಾಲು ತೆಗೆದಾಗ ಉಸ್ಸೆಂದು ಇಳಿಯಿತು. ನಿಖಿತಾ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು, ನಾನು ಅವಳದು. ಎರಡು ವರ್ಷ ಅದಕ್ಕಾಗಿ ಒದ್ದಾಡಿದ ನೀವು ಅದನ್ನು ಒಮ್ಮೆಯೂ ಕೇಳಲಿಲ್ಲ. ನಾವಿಬ್ಬರೂ ಕೇಳಿದೆವು. ಈ ಸಲ ಹೊಟ್ಟೆಕಿಚ್ಚು ಪಡುವ ಸರದಿ ನಿಮ್ಮದು.

ನಿಮ್ಮ
ಮಲ್ಲು