ಐದು ಮಕ್ಕಳ ಬಾಟಲಿ

ಮಾರ್ಚ್ 3, ಮಂಗಳವಾರ

ಫ್ರಿಜ್ಜಿನ ಟೆಂಪರೇಚರ್ ಸರಿಯಿದೆ. ಡಾಕ್ಟರು ಎಲ್ಲರೆದುರು ಹೊಗಳಿದರು. ಈ ತಿಂಗಳೂ ನನ್ನ ಕೈಯಲ್ಲಿ ಲಸಿಕೆ ವೇಸ್ಟ್ ಆಗಿಲ್ಲವಂತೆ. ಒಳಗೊಳಗೇ ಉಬ್ಬಿಹೋದೆ.

ಮಧ್ಯಾಹ್ನ ಗುಡ್ಡದಾಚೆಯಿಂದ ಒಬ್ಬಳು ಬಂದಳು. ಸೊಂಟದಲ್ಲಿ ಗುಂಗುರು ಕೂದಲ ಮಗು, ದಡಾರದ ಚುಚ್ಚುಮದ್ದಿಗೆ. ಬಾಟಲಿ ತೆರೆದರೆ ಐದು ಮಕ್ಕಳಿಗಾಗುತ್ತದೆ; ಕೆಲವೇ ಗಂಟೆಗಳಲ್ಲಿ ಮುಗಿಸದಿದ್ದರೆ ಕಸಕ್ಕೆ. ಇದ್ದದ್ದು ಇದೊಂದೇ ಮಗು.

"ಒಂದು ಮಗೂಗೆ ಓಪನ್ ಮಾಡಕ್ಕಾಗಲ್ಲಮ್ಮ. ನಾಳೆ ಬುಧವಾರ, ಎಲ್ಲಾ ಮಕ್ಕಳೂ ಬರ್ತಾವೆ. ನಾಳೆ ಬಾ."

"ನಡ್ಕೊಂಡು ಬಂದಿದೀನಿ ಅಕ್ಕ..."

"ನಾಳೇನೂ ನಡಿ. ಗಟ್ಟಿಗಿತ್ತಿ ನೀನು!" ಅಂದೆ. ಅವಳೂ ನಕ್ಕಳು. ಚಪ್ಪಲಿ ಕಿತ್ತುಹೋಗಿತ್ತು, ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಮಾರ್ಚ್ 4

ರೂಮಿನ ತುಂಬ ಮಕ್ಕಳು. ರಾಗ, ರಂಪ, ಕಿವಿ ಕಿತ್ತುಹೋಯಿತು. ಗುಂಗುರು ಕೂದಲು ಬರಲಿಲ್ಲ. ಈ ಜನಕ್ಕೆ ಮಕ್ಕಳ ಮೇಲೆ ಕಾಳಜಿಯೇ ಇಲ್ಲ.

ಮಾರ್ಚ್ 28, ಸಂಜೆ

ಬಂದಳು. ಮಗುವಿನ ಮೈತುಂಬ ದಡಾರ. ಕಣ್ಣು ಬಿಡಲಾರದು, ಎದೆ ಗೊರಗೊರ.

ಡಾಕ್ಟರು ಅವಳ ಮೇಲೆ ಹರಿಹಾಯ್ದರು. "ಟೈಮಿಗೆ ಸರಿಯಾಗಿ ಲಸಿಕೆ ಹಾಕಿಸ್ಬೇಕು ಅಂತ ಗೊತ್ತಾಗಲ್ವಾ ನಿಂಗೆ?"

ಅವಳು ನನ್ನ ಕಡೆ ನೋಡಿದಳು. ಈಗ ಹೇಳಿಬಿಡುತ್ತಾಳೆ ಅಂದುಕೊಂಡೆ. "ದೂರ ಆಯ್ತು ಸಾರ್... ತಪ್ಪಾಯ್ತು," ಅಂದಳು.

ನಾನು ಹತ್ತಿ ಕತ್ತರಿಸುತ್ತಾ ನಿಂತಿದ್ದೆ. ಆಂಬುಲೆನ್ಸ್ ಹೋದ ಮೇಲೆ ಡಾಕ್ಟರು, "ಇಂಥವರಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ ಸಿಸ್ಟರ್," ಅಂದರು. ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 19

ಮಗು ಬದುಕಿದೆಯಂತೆ. ಒಂದು ಕಣ್ಣು ಹೋಯಿತಂತೆ.

ಮೇ 7

ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಾನೇ ಹೋದೆ. ಗುಡ್ಡ ಹತ್ತುವಷ್ಟರಲ್ಲಿ ಏದುಸಿರು, ಹಿಮ್ಮಡಿಯಲ್ಲಿ ಬೊಬ್ಬೆ. ಇದೇ ದಾರಿಯನ್ನು ಬೆನ್ನುಬೆನ್ನಿಗೆ ಎರಡು ದಿನ ನಡಿ ಅಂದಿದ್ದೆ. ಮಗು ಎತ್ತಿಕೊಂಡು. ನಗುತ್ತಾ ಬೇರೆ ಅಂದಿದ್ದೆ.

ಅಲ್ಲಿ ಲಸಿಕೆ ಬಾಕಿಯಿದ್ದದ್ದು ಅವಳ ನಾದಿನಿಯ ಮಗು ಒಂದೇ. ಬಾಟಲಿ ತೆರೆದೆ. ಉಳಿದದ್ದು ಚೆಲ್ಲಿಹೋಗಲಿ.

ಅವಳು ನೀರು ತಂದುಕೊಟ್ಟಳು. ಸೊಂಟದಲ್ಲಿದ್ದ ಗುಂಗುರು ಕೂದಲು ಮುಖ ಓರೆ ಮಾಡಿ, ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು.

"ಒಂದು ಮಗೂಗೋಸ್ಕರ ಇಷ್ಟು ದೂರ ನಡ್ಕೊಂಡು ಬಂದ್ರಾ ಅಕ್ಕ? ನಿಮ್ಮಂಥೋರು ಎಲ್ಲಿ ಸಿಗ್ತಾರೆ!"

ಕೊಂಕಲ್ಲ, ಮನಸಾರೆ ಅಂದಳು. ನನ್ನ ಬಾಯಿಂದ ಬಂದದ್ದು, "ಅಯ್ಯೋ, ಅದೇನು ಮಹಾ ಬಿಡು!" ನಕ್ಕೆ ಕೂಡ.

ನಾಳೆ ಬಾಗಿಲು ತೆಗೆದ ತಕ್ಷಣ ಡಾಕ್ಟರಿಗೆ ಹೇಳಬೇಕು. ತಪ್ಪು ಅವಳದಲ್ಲ ಸಾರ್, ಅವಳು ಬಂದಿದ್ದಳು, ನಾನೇ ಅವಳನ್ನು —